ಮನೆಯ ಹಿತ್ತಿಲು: ಎಕ್ಕವೂ ಪಾತರಗಿತ್ತಿಯೂ

ರಥಸಪ್ತಮಿಯ ಸ್ನಾನಕ್ಕೆ ಎಕ್ಕದ 7 ಎಲೆಗಳು ಬೇಕು. ಗಣಪತಿಯ ಪೂಜೆಗೆ ಅದರ ಹೂವು ಬೇಕು. ಆದರೆ ಹಿತ್ತಿಲಲ್ಲಿ ಆ ಗಿಡವು ತಾನಾಗಿ ಮೊಳೆತರೆ ಅದನ್ನು ಕಳೆಯೆಂದು ಕಿತ್ತೆಸೆಯುವುದು ಹಲವರ ವಾಡಿಕೆ. ತಮ್ಮ ತೋಟದಲ್ಲಿ ಪಾತರಗಿತ್ತಿಗಳು ನಲಿದಾಡಬೇಕೆಂದು ಬಯಸುವ ಗೃಹಸ್ಥರು ಹೀಗೆ ಮಾಡತಕ್ಕದ್ದಲ್ಲವೆಂದು ನಾವು ಭಾವಿಸುತ್ತೇವೆ.

ಬಣ್ಣಬಣ್ಣದ ಹೂಗಳನ್ನು ಬೆಳೆಸಿದರೆ ಚಿಟ್ಟೆಗಳು ಬರುವುವು, ನಿಜ. ಆದರೆ ಅವು ಮಕರಂದವನ್ನು ಹೀರಿ ಹೋಗುವ ಅತಿಥಿಗಳು. ಸಂತಾನವು ಬೆಳೆಯಬೇಕಾದರೆ ಹುಳುಗಳಿಗೆ ಎಲೆಯ ಆಹಾರವು ಬೇಕು. ಅದೂ ತಮ್ಮ ಜಾತಿಗೆ ಒಗ್ಗಿದ ಎಲೆಯೇ ಆಗಬೇಕು. ಕಿತ್ತಳೆಬಣ್ಣದ ರೆಕ್ಕೆಯ ತುದಿಯಲ್ಲಿ ಕಪ್ಪಿನ ನಡುವೆ ಬಿಳಿಯ ಪಟ್ಟೆಯುಳ್ಳ ಚಿಟ್ಟೆಯನ್ನು ವಾಚಕರು ಕಂಡಿರಬಹುದು. ಇಂಗ್ಲಿಷಿನಲ್ಲಿ ಇದನ್ನು ಪ್ಲೇನ್ ಟೈಗರ್ ಎನ್ನುವರು. ಇದು ಎಕ್ಕ ಮತ್ತು ಅದರ ಬಳಗದ ಹಾಲುಗಿಡಗಳನ್ನೇ ಅರಸಿ, ಎಲೆಯ ಮೇಲೆ ಒಂದೊಂದಾಗಿ ಮೊಟ್ಟೆಯಿಡುವುದು.

ಮೊಟ್ಟೆಯು 3–4 ದಿನಗಳಲ್ಲಿ ಒಡೆಯುವುದು. ಬೆಳೆದ ಹುಳುವಿನ ಮೈಮೇಲೆ ಕಪ್ಪು ಬಿಳುಪಿನ ಪಟ್ಟೆಗಳೂ ಹಳದಿಯ ಬೊಟ್ಟುಗಳೂ ಕೊಂಬಿನಂತಹ 3 ಜೊತೆ ಕರಿಯ ಎಳೆಗಳೂ ಕಾಣುವುವು. ಎಲೆಯ ನರವನ್ನು ಮೊದಲು ಕಡಿದು, ಅಂಟುಹಾಲಿನ ಹರಿವನ್ನು ತಡೆದು, ಬಳಿಕ ತಿನ್ನುವ ಅದರ ಜಾಣ್ಮೆಯು ನೋಡತಕ್ಕುದು. ಹಾಲುಗಿಡಗಳ ವಿಷದಲ್ಲಿ ಒಂದಂಶವು ಅದರ ದೇಹದಲ್ಲಿ ಉಳಿಯುವುದುಂಟು. ಆದುದರಿಂದ ಹಕ್ಕಿಗಳು ಈ ಚಿಟ್ಟೆಯನ್ನು ಸಾಮಾನ್ಯವಾಗಿ ಮುಟ್ಟವು. ಮೊಟ್ಟೆಯಿಂದ ಚಿಟ್ಟೆಯಾಗುವವರೆಗಿನ ಈ ಎಲ್ಲ ಮಾರ್ಪಾಡುಗಳನ್ನೂ ಮಕ್ಕಳಿಗೆ ಸುಮಾರು ಒಂದು ತಿಂಗಳೊಳಗೆ ತೋರಿಸಬಹುದು.

ಸಸ್ಯಾಗಾರಗಳಲ್ಲಿ ದೊರೆಯುವ, ಕೆಂಪು ಹಳದಿ ಹೂಗಳ ಅಮೆರಿಕದ ಹಾಲುಗಿಡದ ಮೇಲೂ ಈ ಹುಳುಗಳು ಬದುಕುವುವು. ಆದರೂ ನಮ್ಮ ನೆಲದ ಎಕ್ಕವು ಬೀಜದಿಂದಲೂ ಕಡ್ಡಿಯಿಂದಲೂ ಸುಲಭವಾಗಿ ಬರುವಾಗ ಹಣ ಕೊಟ್ಟು ಪರದೇಶದ ಗಿಡವನ್ನು ತರಬೇಕಾದುದಿಲ್ಲ. ಬೇರೂರಿದ ಎಕ್ಕಕ್ಕೆ ನೀರಿನ ಆರೈಕೆಯೂ ಅಷ್ಟಾಗಿ ಬೇಡ. ಅದು 8–10 ಅಡಿ ಬೆಳೆಯಬಲ್ಲದಾದುದರಿಂದ, ಬಿಸಿಲು ಬೀಳುವ ಬೇಲಿಯ ಮೂಲೆಯೇ ಅದಕ್ಕೆ ತಕ್ಕ ಸ್ಥಳ. ಹುಳು ತಿಂದ ಎಲೆಗಳನ್ನು ಕಂಡು ಔಷಧಿಯನ್ನು ಸಿಂಪಡಿಸಬಾರದು. ಗಿಡವು ಮತ್ತೆ ಚಿಗುರುವುದು.

ಒಂದು ಎಚ್ಚರಿಕೆಯು ಅತ್ಯವಶ್ಯ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿಯು ಮಂಜಾಗುವುದು. ಆರಂಭದಲ್ಲಿ ನೋವಿಲ್ಲದಿದ್ದರೂ ಉದಾಸೀನವು ಸಲ್ಲದು. ಕೂಡಲೆ ಧಾರಾಳವಾದ ಶುದ್ಧ ನೀರಿನಿಂದ ಕಣ್ಣನ್ನು ತೊಳೆದು ವೈದ್ಯರ ಬಳಿಗೆ ಹೋಗತಕ್ಕದ್ದು. ಎಳೆಯ ಮಕ್ಕಳು ಆಡುವ ಕಡೆ ಈ ಗಿಡವನ್ನು ನೆಡಬಾರದು. ರಥಸಪ್ತಮಿಗೆಂದು ಎಲೆ ಕೀಳುವವರು ಎಲೆಯ ಎರಡು ಮೈಗಳನ್ನೂ ನೋಡಿ, ಮೊಟ್ಟೆ ಹುಳುಗಳಿಲ್ಲದುದನ್ನೇ ಆರಿಸಲಿ. ತೊಟ್ಟಿನಿಂದ ಒಸರಿದ ಹಾಲನ್ನು ಚೆನ್ನಾಗಿ ತೊಳೆದ ಮೇಲೆಯೇ ಅದನ್ನು ತಲೆಯ ಮೇಲಿಡಲಿ.