ಹಳೆಯ ವಿದ್ಯಾರ್ಥಿಗಳ ಪುಟದಲ್ಲಿ ಉದ್ದಿಮೆದಾರನ ಹೆಸರೇಕಿಲ್ಲ?

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಾಗಲಿ, ಹಳೆಯ ವಿದ್ಯಾರ್ಥಿಗಳ ಸಂಘದ ವಾರ್ತಾಪತ್ರದಲ್ಲಾಗಲಿ ಓದುಗರು ಮೊದಲು ತಿರುವಿ ನೋಡುವ ಪುಟವೊಂದಿರುತ್ತದೆ. ಯಾವ ವರ್ಷದ ತಂಡದವರು ಈಗ ಎಲ್ಲಿದ್ದಾರೆ, ಯಾರಿಗೆ ಬಡ್ತಿ ದೊರೆಯಿತು, ಯಾರು ಡಾಕ್ಟರೇಟ್ ಪಡೆದರು, ಯಾರ ಮಗಳ ವಿವಾಹವಾಯಿತು, ಯಾರು ತೀರಿಕೊಂಡರು ಎಂಬ ಸಮಾಚಾರ ಅಲ್ಲಿ ಎರಡೆರಡು ಸಾಲುಗಳಲ್ಲಿ ಅಚ್ಚಾಗಿರುತ್ತದೆ. ಈ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರೆ ಕ್ಯಾಲಿಫೋರ್ನಿಯಾ, ಸಿಂಗಪುರ, ದುಬೈಗಳ ಹೆಸರು ಮತ್ತೆ ಮತ್ತೆ ಕಾಣಸಿಗುತ್ತವೆ. ಪೀಣ್ಯ, ಬೈಕಂಪಾಡಿ, ಮಾಚೇನಹಳ್ಳಿ, ಹುಬ್ಬಳ್ಳಿಯ ಗೋಕುಲ ರಸ್ತೆ ಕಾಣಸಿಗುವುದು ಅಪರೂಪ. ಅದೇ ಕಾಲೇಜಿನಲ್ಲಿ ಓದಿ, ಅದೇ ಊರಿನ ಕೈಗಾರಿಕಾ ವಸಾಹತುವಿನಲ್ಲಿ ಶೆಡ್ ಪಡೆದು, ಇಪ್ಪತ್ತು ಜನರಿಗೆ ಅನ್ನದ ದಾರಿ ತೋರಿದವನ ವಿಷಯ ಆ ಪುಟಕ್ಕೆ ಬರುವುದೇ ಇಲ್ಲ.

ಮೇಲ್ನೋಟಕ್ಕೆ ಇದು ಸಣ್ಣ ಸಂಗತಿ. ಆದರೆ ಸಣ್ಣ ಕೈಗಾರಿಕೆಗಳನ್ನು ಕಾಡುತ್ತಿರುವ ದೊಡ್ಡ ಸಮಸ್ಯೆಯೊಂದರ ಬೇರು ಇಲ್ಲಿಯೂ ಇದೆ.

ಶಿಕ್ಷಣಕ್ಕೂ ವಾಣಿಜ್ಯಕ್ಕೂ ಈ ನಾಡಿನಲ್ಲಿ ಇಷ್ಟು ದೂರ ಮೊದಲಿನಿಂದ ಇದ್ದುದಲ್ಲ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಗೆ ಮೂಲವಾದ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾದದ್ದೂ 1916ರಲ್ಲಿಯೇ. ಎರಡರ ಹಿಂದೆಯೂ ಇದ್ದವರು ಅಂದಿನ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರು. ಮರುವರ್ಷ, 1917ರಲ್ಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ವಿದ್ಯೆ ಒಂದು ಕಡೆ, ವ್ಯಾಪಾರ ಮತ್ತೊಂದು ಕಡೆ ಎಂಬ ಭಾವನೆ ಅವರಿಗೆ ಇರಲಿಲ್ಲ. ಒಂದೇ ವರ್ಷ ಹುಟ್ಟಿದ ಈ ಎರಡು ಸಂಸ್ಥೆಗಳ ಮಕ್ಕಳು ಇಂದು ಒಬ್ಬರನ್ನೊಬ್ಬರು ಗುರುತಿಸದ ಸ್ಥಿತಿ ಒದಗಿರುವುದು ವಿಷಾದದ ಸಂಗತಿ.

ಮೂರನೆಯ ವರ್ಷದಲ್ಲಿ ಓದುತ್ತಿರುವ ವಿದ್ಯಾರ್ಥಿಯ ಕಣ್ಣಿನಿಂದ ಆ ಪುಟವನ್ನು ನೋಡಬೇಕು. ಓದು ಮುಗಿದ ಮೇಲೆ ಬದುಕು ಎಷ್ಟು ಬಗೆಯಾಗಿರಬಹುದು ಎಂಬುದನ್ನು ಅವನು ಪಠ್ಯಪುಸ್ತಕದಿಂದ ಕಲಿಯುವುದಿಲ್ಲ, ತನ್ನ ಮುಂದೆ ನಡೆದುಹೋದವರನ್ನು ನೋಡಿ ಕಲಿಯುತ್ತಾನೆ. ಮೆಚ್ಚುಗೆ ಪಡೆದವರೆಲ್ಲ ದೊಡ್ಡ ಕಂಪನಿಯ ನೌಕರರೇ ಆಗಿದ್ದರೆ ಮೆಚ್ಚುಗೆಗೆ ಅದೊಂದೇ ದಾರಿ ಎಂದು ಅವನು ತಿಳಿಯುವುದು ಸಹಜ. ತಂದೆ ತಾಯಿಯರೂ ಹಾಗೆಯೇ ತಿಳಿಯುತ್ತಾರೆ. ವರನ ಜಾತಕದೊಂದಿಗೆ ಉದ್ಯೋಗದ ವಿವರ ಬಂದಾಗ 'ಸ್ವಂತ ವರ್ಕ್‌ಶಾಪ್' ಎಂಬ ಮಾತು ಕೇಳಿ ಹೆಣ್ಣಿನ ಕಡೆಯವರು ಹಿಂಜರಿಯುವುದು ಉದ್ದಿಮೆದಾರರ ಮನೆಗಳಲ್ಲಿ ಹೊಸ ಸುದ್ದಿಯೇನಲ್ಲ. ಇದರ ಫಲ ಕಾರ್ಖಾನೆಯ ಬಾಗಿಲಿಗೇ ಬಂದು ಮುಟ್ಟುತ್ತದೆ. ಸಣ್ಣ ಘಟಕದಲ್ಲಿ ಎರಡು ವರ್ಷ ನಿಂತು ಕೆಲಸ ಕಲಿಯುವ ಎಂಜಿನಿಯರ್ ಸಿಗುವುದು ದುರ್ಲಭವಾಗಿದೆ. ಮಾಲೀಕನ ಮಗನೇ ತಂದೆಯ ಲೇತ್ ಯಂತ್ರದ ಬಳಿ ನಿಲ್ಲಲು ಒಪ್ಪದಿರುವಾಗ ಪರರ ಮಕ್ಕಳನ್ನು ದೂರಿ ಪ್ರಯೋಜನವೇನು?

ಹಳೆಯ ವಿದ್ಯಾರ್ಥಿಗಳ ಸುದ್ದಿಯನ್ನು ಜತನದಿಂದ ಇಟ್ಟುಕೊಂಡರೆ ಏನಾಗಬಹುದು ಎಂಬುದಕ್ಕೆ ಅಮೆರಿಕೆಯ ಎರಡು ನಿದರ್ಶನಗಳಿವೆ. ಮೊದಲನೆಯದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ್ದು. ಅಲ್ಲಿಯ ಪ್ರಾಧ್ಯಾಪಕ ಫ್ರೆಡರಿಕ್ ಟರ್ಮನ್ ತಮ್ಮ ಶಿಷ್ಯರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದನ್ನು ಮರೆಯುತ್ತಿರಲಿಲ್ಲ. 1934ರಲ್ಲಿ ಪದವಿ ಪಡೆದ ಡೇವಿಡ್ ಪ್ಯಾಕರ್ಡ್ ದೂರದ ನ್ಯೂಯಾರ್ಕ್ ಪ್ರಾಂತದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ನೌಕರಿಯಲ್ಲಿದ್ದಾಗ ಅವರಿಗೆ ಫೆಲೋಶಿಪ್ ಒದಗಿಸಿ ಮರಳಿ ಕರೆಸಿಕೊಂಡವರು ಈ ಗುರುಗಳೇ. ಪ್ಯಾಕರ್ಡ್ ತಮ್ಮ ಸಹಪಾಠಿ ವಿಲಿಯಂ ಹ್ಯೂಲೆಟ್ ಅವರೊಡನೆ 1939ರಲ್ಲಿ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ 538 ಡಾಲರ್ ಬಂಡವಾಳದಿಂದ ಪಾಲುದಾರಿಕೆ ಆರಂಭಿಸಿದರು. ಅವರ ಆರಂಭದ ಗಿರಾಕಿಗಳಲ್ಲಿ ಎಂಟು ಉಪಕರಣಗಳನ್ನು ಕೊಂಡ ವಾಲ್ಟ್ ಡಿಸ್ನಿ ಸಂಸ್ಥೆಯೂ ಒಂದು. ಇಂದು ಹ್ಯೂಲೆಟ್ ಪ್ಯಾಕರ್ಡ್ ಹೆಸರನ್ನು ಅರಿಯದವರಿಲ್ಲ. ಆದರೆ ಶಿಷ್ಯನ ವಿಳಾಸವನ್ನು ನೆನಪಿಟ್ಟುಕೊಂಡ ಗುರುವಿನಿಂದ ಅದರ ಕಥೆ ಆರಂಭವಾಗುತ್ತದೆ.

ಎರಡನೆಯದು ಎಂ.ಐ.ಟಿ. ಎಂದೇ ಹೆಸರಾದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯದು. ಅದರ ಪದವೀಧರರು ಹುಟ್ಟುಹಾಕಿದ ಉದ್ದಿಮೆಗಳನ್ನು ಲೆಕ್ಕ ಹಾಕಿದ ವರದಿಯೊಂದನ್ನು ಬ್ಯಾಂಕ್‌ಬಾಸ್ಟನ್ 1997ರಲ್ಲಿ ಪ್ರಕಟಿಸಿತು. ಅದರ ಪ್ರಕಾರ ಅಂಥ ಕಂಪನಿಗಳು ಸುಮಾರು 4,000. ಅವುಗಳಲ್ಲಿ ದುಡಿಯುತ್ತಿದ್ದವರು 11 ಲಕ್ಷ. 1994ರ ಅವುಗಳ ವಹಿವಾಟು 23,200 ಕೋಟಿ ಡಾಲರ್. ಯಾರಿಗೆ ಎಷ್ಟು ಸಂಬಳ ಎಂಬುದಕ್ಕಿಂತ ಯಾರು ಎಷ್ಟು ಜನರಿಗೆ ಸಂಬಳ ಕೊಡುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಆ ವರದಿ ಮುಂದಿಟ್ಟಿತು.

ಅದೇ ಎಂ.ಐ.ಟಿ.ಯ ಹಳೆಯ ವಿದ್ಯಾರ್ಥಿಗಳಲ್ಲಿ ಶಂತನುರಾವ್ ಕಿರ್ಲೋಸ್ಕರರೂ ಒಬ್ಬರು ಎಂಬುದನ್ನು ಇಲ್ಲಿ ಸ್ಮರಿಸಬೇಕು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮಗನಾದ ಅವರು 1926ರಲ್ಲಿ ಅಲ್ಲಿ ಪದವಿ ಮುಗಿಸಿ ನೇರವಾಗಿ ತಂದೆಯ ಕಾರ್ಖಾನೆಗೆ ಮರಳಿದರು. ಆ ಮನೆತನದ ಉದ್ಯಮ 1941ರಲ್ಲಿ ಹರಿಹರಕ್ಕೂ 1946ರಲ್ಲಿ ಬೆಂಗಳೂರಿಗೂ ಬಂದಿತು. ಹರಿಹರದ ಲೇತ್ ಯಂತ್ರಗಳ ಮೇಲೆ ಕೈ ಪಳಗಿಸಿಕೊಂಡ ಸಣ್ಣ ಕೈಗಾರಿಕೋದ್ಯಮಿಗಳು ನಾಡಿನಲ್ಲಿ ಅನೇಕರಿದ್ದಾರೆ. ಒಬ್ಬ ಪದವೀಧರ ಹಿಂದಿರುಗಿ ಬಂದ ಸುದ್ದಿಗೆ ಇಷ್ಟು ತೂಕವಿರುತ್ತದೆ.

ಹಾಗಾದರೆ ತಪ್ಪು ಕಾಲೇಜುಗಳದ್ದು ಮಾತ್ರವೇ? ಹಾಗೆ ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಸುದ್ದಿ ಕಳುಹಿಸಿ ಎಂಬ ಪತ್ರ ಬಂದಾಗ ಉದ್ದಿಮೆದಾರ ಅದನ್ನು ಮೇಜಿನ ಒಂದು ಬದಿಗೆ ಸರಿಸುತ್ತಾನೆ. ಬಿಡುವಿಲ್ಲ ಎಂಬುದು ಒಂದು ಕಾರಣ. ಹೇಳಿಕೊಳ್ಳುವಂಥದ್ದು ಏನಿದೆ ಎಂಬ ಸಂಕೋಚ ಎರಡನೆಯದು. ವಿಷಯ ಹೊರಬಿದ್ದರೆ ತೆರಿಗೆಯವರ, ಪ್ರತಿಸ್ಪರ್ಧಿಗಳ, ಚಂದಾ ಕೇಳುವವರ ಕಣ್ಣು ಬೀಳುತ್ತದೆ ಎಂಬ ಅಂಜಿಕೆ ಮೂರನೆಯದು. ಈ ಅಂಜಿಕೆಗೆ ಆಧಾರವಿಲ್ಲದಿಲ್ಲ. ಆದರೆ ಸುದ್ದಿಯೆಂದರೆ ಜಮಾಖರ್ಚಿನ ಪಟ್ಟಿಯಲ್ಲ. ಯಾವ ವರ್ಷ ಓದು ಮುಗಿಯಿತು, ಏನನ್ನು ತಯಾರಿಸಲಾಗುತ್ತಿದೆ, ಎಷ್ಟು ಜನ ದುಡಿಯುತ್ತಾರೆ, ಓದಿದ ಯಾವ ಪಾಠ ಕೈಹಿಡಿಯಿತು, ಯಾವುದನ್ನು ಹೊರಗೆ ಕಲಿಯಬೇಕಾಯಿತು ಎಂಬ ಹತ್ತು ಸಾಲು ಸಾಕು. ವಹಿವಾಟಿನ ಅಂಕಿಯನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು ಬಗೆಯ ಮೌನವೂ ಇದೆ. ಘಟಕ ಮುಚ್ಚಿದವನು ಹಳೆಯ ಗೆಳೆಯರ ಕೂಟಕ್ಕೆ ಬರುವುದನ್ನೇ ಬಿಡುತ್ತಾನೆ. 2020ರ ಲಾಕ್‌ಡೌನ್ ಕಾಲದಲ್ಲಿ ಯಂತ್ರಗಳನ್ನು ಮಾರಿ ಬ್ಯಾಂಕಿನ ಸಾಲ ತೀರಿಸಿದವರು, ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿ ಕೆಟ್ಟವರು, ಪಾಲುದಾರರೊಡನೆ ಮನಸ್ತಾಪವಾಗಿ ಹೊರಬಂದವರು ಎಲ್ಲ ಕೈಗಾರಿಕಾ ವಸಾಹತುಗಳಲ್ಲಿಯೂ ಸಿಗುತ್ತಾರೆ. ಅವರ ಅನುಭವದ ಎರಡು ಪುಟ ಹೊಸದಾಗಿ ಸಾಲಕ್ಕೆ ಅರ್ಜಿ ಹಾಕುವ ಯುವಕನಿಗೆ ಹತ್ತು ಉಪನ್ಯಾಸಗಳಿಗಿಂತ ಹೆಚ್ಚು ಉಪಕಾರಿ. ಗೆದ್ದವರ ಸುದ್ದಿಯನ್ನಷ್ಟೇ ಅಚ್ಚು ಹಾಕುವ ಪುಟ ಓದುಗನಿಗೆ ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಸೋತು ಎದ್ದವನಿಗೂ, ಸೋತು ಬೇರೆ ದಾರಿ ಹಿಡಿದವನಿಗೂ ಅಲ್ಲಿ ಗೌರವದ ಸ್ಥಾನ ದೊರೆಯಬೇಕು.

ವ್ಯಾವಹಾರಿಕ ಲಾಭವೂ ಇಲ್ಲದಿಲ್ಲ. ಒಂದೇ ಬೆಂಚಿನಲ್ಲಿ ಕುಳಿತು ಓದಿದ ಇಬ್ಬರಲ್ಲಿ ಒಬ್ಬನು ಇಂದು ದೊಡ್ಡ ಕಾರ್ಖಾನೆಯ ಖರೀದಿ ವಿಭಾಗದಲ್ಲಿರುತ್ತಾನೆ, ಇನ್ನೊಬ್ಬನು ಬಿಡಿಭಾಗ ಪೂರೈಸಿ ಬಿಲ್ಲಿನ ಹಣಕ್ಕಾಗಿ ಕಾಯುತ್ತಿರುತ್ತಾನೆ. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಹಣ ಸಂದಾಯ ಮಾಡಲು 45 ದಿನ ಮೀರಬಾರದೆಂದು 2006ರ ಕಾಯ್ದೆ ಹೇಳುತ್ತದೆ. ಆ 45 ದಿನ ಮೀರಿದರೆ ಸಣ್ಣ ಘಟಕದಲ್ಲಿ ಏನೇನು ನಿಲ್ಲುತ್ತದೆ ಎಂಬುದು ಖರೀದಿ ವಿಭಾಗದವನಿಗೆ ತಿಳಿದಿರುವುದಿಲ್ಲ. ಹಳೆಯ ಸಹಪಾಠಿಯ ಬದುಕಿನ ಸುದ್ದಿ ಅವನಿಗೆ ಅದನ್ನು ತಿಳಿಸೀತು. ಇದು ಶಿಫಾರಸಿಗೆ ದಾರಿಯಾಗಬಾರದು. ದರ, ಗುಣಮಟ್ಟ, ಸಕಾಲದ ಪೂರೈಕೆ ಇವುಗಳ ಮೇಲೆಯೇ ಆರ್ಡರ್ ದೊರೆಯಬೇಕು. ಆದರೆ ಪಕ್ಕದ ಊರಿನಲ್ಲಿಯೇ ಸರಕು ತಯಾರಾಗುತ್ತಿದೆ ಎಂಬ ತಿಳಿವಳಿಕೆ ಶಿಫಾರಸಲ್ಲ, ಮಾಹಿತಿ.

ಈ ನಿಟ್ಟಿನಲ್ಲಿ ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳಿವೆ. ಮೊದಲನೆಯದಾಗಿ, ಪ್ರತಿಯೊಂದು ವಾಣಿಜ್ಯೋದ್ಯಮ ಸಂಸ್ಥೆಯೂ ತನ್ನ ಸದಸ್ಯತ್ವದ ಅರ್ಜಿಯಲ್ಲಿ ಒಂದು ಕಲಂ ಹೆಚ್ಚಿಸಲಿ: ಓದಿದ ಕಾಲೇಜು ಮತ್ತು ವರ್ಷ. ಎಂಜಿನಿಯರಿಂಗ್ ಪದವೀಧರರಷ್ಟೇ ಅಲ್ಲದೆ ಬಿ.ಕಾಂ., ಡಿಪ್ಲೊಮಾ, ಐ.ಟಿ.ಐ. ಓದಿದವರೂ ಅದನ್ನು ತುಂಬಲಿ. ಸದಸ್ಯರ ಒಪ್ಪಿಗೆ ಪಡೆದು ಕಾಲೇಜುವಾರು ಪಟ್ಟಿ ಸಿದ್ಧಪಡಿಸಿ ಆಯಾ ಪ್ರಾಂಶುಪಾಲರಿಗೆ ಕಳುಹಿಸಲಿ. ಎರಡನೆಯದಾಗಿ, ಕಾಲೇಜುಗಳು ತಮ್ಮ ಹಳೆಯ ವಿದ್ಯಾರ್ಥಿಗಳು ನಡೆಸುವ ಘಟಕಗಳನ್ನೂ ಅಲ್ಲಿ ದುಡಿಯುವವರನ್ನೂ ಐದು ವರ್ಷಕ್ಕೊಮ್ಮೆ ಎಣಿಸಲಿ. ಕಾಲೇಜುಗಳ ಮೌಲ್ಯಮಾಪನಕ್ಕೆ ನ್ಯಾಕ್ 2017ರಲ್ಲಿ ರೂಪಿಸಿದ ಮಾನದಂಡಗಳಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಯೂ ಒಂದಾಗಿತ್ತು. ಆದ್ದರಿಂದ ಈ ಶ್ರಮ ಅವರಿಗೆ ಅಪರಿಚಿತವಾದುದಲ್ಲ. ಮೂರನೆಯದಾಗಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಸೇರಿದೆ. ಸ್ಥಳಕ್ಕಾಗಿ ಅಲೆಯುವ ವಿದ್ಯಾರ್ಥಿಗೆ ತನ್ನದೇ ಕಾಲೇಜಿನ ಹಿರಿಯನ ಘಟಕದ ಬಾಗಿಲು ತೆರೆದರೆ ಇಬ್ಬರಿಗೂ ಅನುಕೂಲ. ಎರಡು ತಿಂಗಳು ಬಂದು ಹೋದವರಲ್ಲಿ ಒಬ್ಬನಾದರೂ ನಿಂತಾನು.

ಕೈಗಾರಿಕೋದ್ಯಮಿಗಳ ಸಭೆಗಳಲ್ಲಿ 'ಓದಿದ ಹುಡುಗರು ಬರುತ್ತಿಲ್ಲ' ಎಂಬ ದೂರು ಪದೇ ಪದೇ ಕೇಳಿಬರುತ್ತದೆ. ತಮ್ಮ ಊರಿನಲ್ಲಿ ಇಂಥದೊಂದು ಬದುಕು ಇದೆಯೆಂದು ಆ ಹುಡುಗರಿಗೆ ಹೇಳಿದವರು ಯಾರು ಎಂಬ ಪ್ರಶ್ನೆಯನ್ನೂ ಅದೇ ಸಭೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಮುಂದಿನ ವಾರ್ಷಿಕ ಸಂಚಿಕೆ ಅಚ್ಚಿಗೆ ಹೋಗುವ ಮೊದಲು ಪ್ರತಿಯೊಬ್ಬ ಉದ್ದಿಮೆದಾರನೂ ವರ್ತಕನೂ ತಾನು ಓದಿದ ಕಾಲೇಜಿಗೆ ಹತ್ತು ಸಾಲು ಬರೆದು ಕಳುಹಿಸಲಿ. ಅಷ್ಟಕ್ಕೆ ಬೇಕಾಗುವುದು ಅರ್ಧ ಗಂಟೆಯ ಬಿಡುವು ಮಾತ್ರ.