ಬೇರಿಂಗ್ ದಿಢೀರನೆ ಕೆಡುವುದಿಲ್ಲ
ಪಿಕಪ್ ಗಾಡಿಯ ಚಕ್ರದ ಬೇರಿಂಗ್ ‘ದಿಢೀರನೆ’ ಹೋಯಿತು ಎಂಬ ಮಾತು ಚೆನ್ನೈನಲ್ಲಿ ಮಳೆಗಾಲ ಮುಗಿದ ಮೇಲೆ ನನ್ನ ಕಿವಿಗೆ ಬೀಳುತ್ತಿರುತ್ತದೆ. ನಾನದನ್ನು ಒಪ್ಪುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೀರು ವೇಳಚೇರಿ, ಪಳ್ಳಿಕರಣೈ ಕಡೆ ದಿನಗಟ್ಟಲೆ ನಿಂತಿತ್ತು. ಅಂಥ ನೀರಲ್ಲಿ ಚಕ್ರ ಮುಳುಗಿದರೆ ಸೀಲ್ ದಾಟಿ ನೀರು ಒಳಸೇರಿ ಗ್ರೀಸ್ ಕೆಡಬಹುದು. ತುಕ್ಕು ಹಿಡಿದ ಬೇರಿಂಗ್ ವಾರಗಳ ಬಳಿಕ ಗುಂಯ್‌ಗುಡುತ್ತದೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇಂಥ ಎಚ್ಚರಿಕೆ ಬಂದರೆ ನಡುರಾತ್ರಿಯೂ ಏಳುತ್ತೇವೆ. ದಿನದ ಬಾಡಿಗೆ ನಂಬಿದ ಚಾಲಕ ಸದ್ದು ಕೇಳಿಯೂ ಓಡಿಸುತ್ತಾನೆ. ನಿಲ್ಲಿಸಿದರೆ ಅಂದಿನ ದುಡಿಮೆಯಿಲ್ಲ. ಚಕ್ರವೇ ಕಳಚಿದರೆ ಜೀವಕ್ಕೇ ಅಪಾಯ. ಜಾಕ್ ಏರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ, ಕೈಯಲ್ಲಿ ತಿರುಗಿಸಿ ನೋಡಲು ಹೆಚ್ಚು ಹೊತ್ತು ಬೇಡ. ಬಾಡಿಗೆಗೆ ಕರೆಯುವ ನಾವು ಆ ಹೊತ್ತನ್ನು ಕೊಡಬೇಕು, ಅದರ ಕೂಲಿಯನ್ನೂ.