ಟಿಂಗ್ ಟಿಂಗ್ ಶಬ್ದದ ನಡುವೆ ನಮ್ಮ ಸಿಸ್ಟರ್‌ಗಳು



ಊರಿನಲ್ಲಿ ಉಮ್ಮ ಐಸಿಯು ಸೇರಿದರೆ ದಮ್ಮಾಮ್‌ನಲ್ಲಿರುವ ಮಗನಿಗೆ ಆಸ್ಪತ್ರೆ ಕಾಣುವುದು ಫೋನಿನಲ್ಲಿ ಮಾತ್ರ. ತಮ್ಮ ಹಾಸಿಗೆ ಪಕ್ಕ ನಿಂತು ವಿಡಿಯೋ ಕಾಲ್ ಮಾಡುತ್ತಾನೆ. ಹಿಂದಿನಿಂದ ಟಿಂಗ್ ಟಿಂಗ್ ಅಂತ ಏನೋ ಹೊಡೆದುಕೊಳ್ಳುತ್ತಲೇ ಇರುತ್ತದೆ. "ಅದೆಂತದು ಶಬ್ದ? ಸಿಸ್ಟರ್ ಯಾಕೆ ಬರ್ತಾ ಇಲ್ಲ? ಜೋರು ಮಾಡು ಅವರಿಗೆ!" ದೂರದಲ್ಲಿರುವವರ ಹೆದರಿಕೆ ಹೀಗೆ ಸಿಟ್ಟಾಗಿ ನರ್ಸ್ ಮೇಲೆ ಇಳಿಯುತ್ತದೆ. ನಾವೂ ಹಾಗೆ ಕೂಗಾಡಿದವರೇ. ಆದ್ದರಿಂದ ಈ ಸಂಚಿಕೆಯಲ್ಲಿ ಆ ಶಬ್ದದ ಬಗ್ಗೆಯೇ ಬರೆಯುತ್ತಿದ್ದೇವೆ.

ನಾವಿರುವ ಲಿವರ್‌ಮೋರ್‌ನಿಂದ ಪಶ್ಚಿಮಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಸ್ಯಾನ್ ಫ್ರಾನ್ಸಿಸ್ಕೋ. ಅಲ್ಲಿನ ಯುಸಿಎಸ್‌ಎಫ್ ಆಸ್ಪತ್ರೆಯಲ್ಲಿ ನರ್ಸಿಂಗ್ ಪ್ರೊಫೆಸರ್ ಬಾರ್ಬರಾ ಡ್ರೂ ಮತ್ತು ಅವರ ತಂಡದವರು 2013ರಲ್ಲಿ ಒಂದು ಲೆಕ್ಕ ತೆಗೆದರು. 77 ಐಸಿಯು ಹಾಸಿಗೆ, 461 ರೋಗಿಗಳು, 31 ದಿನ. ಮಾನಿಟರ್‌ಗಳು ಕೊಟ್ಟ ಒಟ್ಟು ಎಚ್ಚರಿಕೆ 25,58,760. ಹೆಚ್ಚಿನವು ಪರದೆ ಮೇಲೆ ಮೂಡಿ ಹೋಗುವಂಥವು. ಕಿವಿಗೆ ಕೇಳುವಂತೆ ಹೊಡೆದುಕೊಂಡದ್ದು ಹಾಸಿಗೆಯೊಂದಕ್ಕೆ ದಿನಕ್ಕೆ 187. ಹೃದಯ ಬಡಿತ ತಪ್ಪಿದೆ ಎಂದು ಕೂಗಿದ 12,671 ಅಲಾರಂಗಳನ್ನು ಒಂದೊಂದಾಗಿ ನೋಡಿದಾಗ ಶೇಕಡಾ 88.8 ಸುಳ್ಳು!

ನಮ್ಮದು ಲೆಕ್ಕದ ಕೆಲಸ, ಆದ್ದರಿಂದ ಇದನ್ನು ಇನ್ನೊಂದು ರೀತಿ ಲೆಕ್ಕ ಹಾಕಿ ನೋಡಿದೆವು. ಇಬ್ಬರು ರೋಗಿಗಳನ್ನು ನೋಡುವ ನರ್ಸ್‌ಗೆ 12 ಗಂಟೆಯ ಡ್ಯೂಟಿಯಲ್ಲಿ 187 ಸಲ, ಅಂದರೆ ಹತ್ತಿರ ಹತ್ತಿರ ನಾಲ್ಕು ನಿಮಿಷಕ್ಕೊಮ್ಮೆ. ಈ ನಡುವೆಯೇ ಔಷಧ ಕೊಡಬೇಕು, ಡ್ರಿಪ್ ಬದಲಾಯಿಸಬೇಕು, ರೋಗಿಯನ್ನು ಮಗ್ಗುಲು ತಿರುಗಿಸಬೇಕು, ಚಾರ್ಟ್ ಬರೆಯಬೇಕು. ನಮ್ಮ ಆಫೀಸಿನ ಸಾಫ್ಟ್‌ವೇರ್ ಪ್ರತಿ ಸಾಲಿಗೂ ಕೆಂಪು ಗುರುತು ಹಾಕಿದರೆ ಸಂಜೆಯೊಳಗೆ ನಾವು ಕೆಂಪನ್ನು ನೋಡುವುದನ್ನೇ ಬಿಡುತ್ತೇವೆ. ಕಿವಿಯೂ ಹಾಗೆಯೇ. ಇದಕ್ಕೆ ಅಲಾರಂ ಫಟೀಗ್ ಎನ್ನುತ್ತಾರೆ, ಅಲಾರಂ ಕೇಳಿ ಕೇಳಿ ದಣಿಯುವುದು. ನಿಜವಾದ ಕೂಗು ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್‌ಗೆ 2009ರ ಜನವರಿಯಿಂದ 2012ರ ಜೂನ್‌ವರೆಗೆ ಅಲಾರಂಗೆ ಸಂಬಂಧಿಸಿದ 98 ಪ್ರಕರಣ ವರದಿಯಾದವು. ಅದರಲ್ಲಿ 80 ಜನ ತೀರಿಕೊಂಡಿದ್ದರು.

ಸುಳ್ಳು ಅಲಾರಂಗೆ ಕಾರಣ ಹೆಚ್ಚಾಗಿ ಸಣ್ಣದು. ಎದೆಗೆ ಅಂಟಿಸಿದ ಪಟ್ಟಿ ಒಣಗಿರುತ್ತದೆ, ಬೆರಳಿನ ಕ್ಲಿಪ್ ಜಾರಿರುತ್ತದೆ, ರೋಗಿ ಕೆಮ್ಮುತ್ತಾರೆ, ಇಲ್ಲವೇ ಮಿತಿಯನ್ನು ಆ ರೋಗಿಗೆ ತಕ್ಕಂತೆ ಇಟ್ಟಿರುವುದಿಲ್ಲ. ಪಟ್ಟಿಯನ್ನು ದಿನಾ ಬದಲಾಯಿಸಿ, ಮಿತಿಯನ್ನು ಸರಿಪಡಿಸಿದರೆ ಗದ್ದಲ ಕಡಿಮೆಯಾಗುತ್ತದೆ. ಆದರೆ ಅದನ್ನು ಮಾಡಲಿಕ್ಕೂ ಒಂದು ಜೋಡಿ ಕೈ ಬಿಡುವಾಗಿರಬೇಕಲ್ಲ?

ಕ್ಯಾಲಿಫೋರ್ನಿಯಾದಲ್ಲಿ ಐಸಿಯು ನರ್ಸ್ ಒಬ್ಬರಿಗೆ ಇಬ್ಬರಿಗಿಂತ ಹೆಚ್ಚು ರೋಗಿಗಳನ್ನು ಕೊಡುವ ಹಾಗಿಲ್ಲ. ಊಟಕ್ಕೆ ಹೋದಾಗಲೂ ಬದಲಿ ನರ್ಸ್ ಬೇಕು. ನರ್ಸ್‌ಗಳ ಸಂಘ ವರ್ಷಗಟ್ಟಲೆ ಹೋರಾಡಿದ ಮೇಲೆ 1999ರಲ್ಲಿ ಕಾನೂನು ಬಂತು, 2004ರಿಂದ ಉಳಿದ ವಾರ್ಡ್‌ಗಳಿಗೂ ಲೆಕ್ಕ ಜಾರಿಯಾಯಿತು. ಇಷ್ಟಿದ್ದೂ ಆ 187. ನಮ್ಮ ಕಡೆ ಒಬ್ಬಳೇ ನಾಲ್ಕು ಹಾಸಿಗೆ ನೋಡಬೇಕಾಗಿ ಬಂದರೆ, ಅದೇ ಲೆಕ್ಕದಲ್ಲಿ ಎರಡು ನಿಮಿಷಕ್ಕೊಂದು.

ಆದ್ದರಿಂದ ಕುಟುಂಬದವರಲ್ಲಿ ಒಂದು ಮಾತು. ಅಡ್ವಾನ್ಸ್ ಕಟ್ಟುವ ಮೊದಲು ಹಾಸಿಗೆಯ ಬಾಡಿಗೆ ಕೇಳುತ್ತೀರಿ, ಡಾಕ್ಟರ ಹೆಸರು ಕೇಳುತ್ತೀರಿ. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಅಂತಲೂ ಕೇಳಿ. ಉತ್ತರ ಹೇಳಬೇಕಾದ್ದು ಆಡಳಿತದವರು, ಆ ಹುಡುಗಿಯಲ್ಲ. ಅಲಾರಂ ಹೊಡೆದರೆ ಬಟನ್ ಒತ್ತಿ ನೀವೇ ಬಂದ್ ಮಾಡಬೇಡಿ. ನರ್ಸ್‌ನ ಮುಖಕ್ಕೆ ಫೋನ್ ಹಿಡಿದು ವಿಡಿಯೋ ಮಾಡುವುದಂತೂ ಬೇಡವೇ ಬೇಡ ಮಾರಾಯ್ರೆ.

ಬ್ಯಾರಿ ಮನೆಗಳ ಹೆಣ್ಣುಮಕ್ಕಳೂ ಈಗ ಈ ಕೆಲಸದಲ್ಲಿದ್ದಾರೆ, ಮಂಗಳೂರಿನಲ್ಲೂ ಗಲ್ಫ್‌ನಲ್ಲೂ. ಡ್ಯೂಟಿ ಮುಗಿಸಿ ಬಂದ ಮಗಳು ಕುಕ್ಕರ್ ವಿಸಿಲ್‌ಗೆ ಬೆಚ್ಚಿದರೆ, ಮಾತಾಡದೆ ಮಲಗಿದರೆ, "ಸಂಬಳ ಬರುತ್ತದಲ್ಲ" ಅನ್ನಬೇಡಿ. ಅವಳು ಒಂದು ಗಂಟೆ ಶಬ್ದವಿಲ್ಲದೆ ಮಲಗಲಿ, ಮಕ್ಕಳನ್ನು ಆಚೆ ಕರೆದುಕೊಂಡು ಹೋಗಿ.

ಐಸಿಯುನಲ್ಲಿ ದುಡಿಯುವ ಸಹೋದರಿಯರೇ, ನಿಮ್ಮ ಪಾಳಿ ಎಷ್ಟು ಗಂಟೆ, ಕೈಯಲ್ಲಿ ಎಷ್ಟು ರೋಗಿಗಳು, ಊಟಕ್ಕೆ ಬಿಡುವು ಸಿಗುತ್ತದಾ, ಇಷ್ಟನ್ನು ನಮಗೆ ಬರೆದು ಕಳುಹಿಸಿ. ನಿಮ್ಮ ಹೆಸರು, ಆಸ್ಪತ್ರೆಯ ಹೆಸರು ಎರಡನ್ನೂ ಅಚ್ಚು ಹಾಕುವುದಿಲ್ಲ.